ನಮ್ಮದೇ ಕಾರು ಚರಂಡಿಗೆ ಬಿದ್ದರೆ ಒಳಗಿದ್ದವರಿಗೆ ಪರಿಹಾರ ಸಿಗುತ್ತದಾ?

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಹೊಸಂಗಡಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. "ಭಾವನ ಕಾರಲ್ಲಿ ಬ್ರಹ್ಮಕಲಶಕ್ಕೆ ಹೋಗಿದ್ದೆವು. ಬರುವಾಗ ತಿರುವಲ್ಲಿ ಕಾರು ಜಾರಿ ಮೋರಿಗೆ ಬಿತ್ತು. ಬೇರೆ ಯಾವ ಗಾಡಿಯೂ ಗುದ್ದಿಲ್ಲ. ನನ್ನ ಕಾಲಿನ ಮೂಳೆ ಮುರಿದಿದೆ. ಯಾರ ಮೇಲೆ ಕೇಸು ಹಾಕುವುದು?"

ಗುದ್ದಿದವರು ಯಾರೂ ಇಲ್ಲ, ಹಾಗಾಗಿ ಪರಿಹಾರವೂ ಇಲ್ಲ ಎಂದು ಹೆಚ್ಚಿನವರು ಸುಮ್ಮನಾಗುತ್ತಾರೆ. ಇದು ತಪ್ಪು ತಿಳುವಳಿಕೆ. ಕಾರು ಓಡಿಸಿದವರ ಅಜಾಗ್ರತೆಯಿಂದ ಒಳಗೆ ಕೂತವರಿಗೆ ಗಾಯವಾದರೆ, ಅದೇ ಕಾರಿನ ಚಾಲಕ, ಮಾಲೀಕ ಮತ್ತು ವಿಮಾ ಕಂಪನಿಯ ಮೇಲೆ ಪರಿಹಾರ ಕೇಳಬಹುದು. ಹಿಂದಿನ ಸೀಟಿನಲ್ಲಿ ಕೂತವರ ಕೈಯಲ್ಲಿ ಸ್ಟಿಯರಿಂಗ್ ಇರಲಿಲ್ಲ, ಅಲ್ವಾ? ಎರಡು ಗಾಡಿ ಡಿಕ್ಕಿಯಾದಾಗ ತಪ್ಪು ಯಾರದು ಎಂದು ಬರುವ ಜಗಳ ಇಲ್ಲಿ ಕಡಿಮೆ.

ಆದರೆ ಎರಡು ಕಡೆ ಕೇಸು ಕೆಡುತ್ತದೆ. ಒಂದು, ಪೊಲೀಸ್ ಠಾಣೆಯಲ್ಲಿ ಏನು ಬರೆಸಿದ್ದೀರಿ ಎಂಬುದು. ಇನ್ನೊಂದು, ಕಾರಿಗೆ ಯಾವ ಪಾಲಿಸಿ ಇತ್ತು ಎಂಬುದು. ಅವೆರಡನ್ನು ನಿಧಾನವಾಗಿ ಓದಿ. ಉಳಿದದ್ದು ಕಾಗದ ಜೋಡಿಸುವ ಕೆಲಸ.

1. ಆಸ್ಪತ್ರೆಯಲ್ಲಿ

ಮೊದಲು ಜೀವ. 112ಕ್ಕೆ ಕರೆ ಮಾಡಿ. ಕೇಂದ್ರ ಸರಕಾರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದ ನಗದುರಹಿತ ಚಿಕಿತ್ಸಾ ಯೋಜನೆ ಇದೆ. ರಸ್ತೆ ಅಪಘಾತದ ಗಾಯಾಳುವಿಗೆ, ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ, ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ. ದಾಖಲಾಗುವಾಗಲೇ ಇದರ ಬಗ್ಗೆ ಕೇಳಿ.

ತುರ್ತು ವಿಭಾಗದಲ್ಲಿ ಡಾಕ್ಟರು "ಹೇಗಾಯಿತು?" ಎಂದು ಕೇಳಿ ಒಂದೆರಡು ಸಾಲು ಬರೆದುಕೊಳ್ಳುತ್ತಾರೆ. ಆ ಸಾಲು ಮುಂದೆ ಗಾಯದ ಸರ್ಟಿಫಿಕೇಟಿನಲ್ಲಿ ಬರುತ್ತದೆ. ಇದನ್ನು ವೂಂಡ್ ಸರ್ಟಿಫಿಕೇಟ್ ಎನ್ನುತ್ತಾರೆ. ಯಾವ ಗಾಯ, ಎಷ್ಟು ಗಂಭೀರ, ಹೇಗಾಯಿತು ಎಂದು ಅದರಲ್ಲಿ ಇರುತ್ತದೆ. ಪೊಲೀಸರ ಕಿರಿಕಿರಿ ಬೇಡವೆಂದು "ಮನೆ ಮೆಟ್ಟಿಲಲ್ಲಿ ಬಿದ್ದದ್ದು" ಎಂದು ಹೇಳುವವರಿದ್ದಾರೆ. ಹಾಗೆ ಹೇಳಿದರೆ ಮುಂದೆ ವಿಮಾ ಕಂಪನಿಯ ವಕೀಲರು ಅದೇ ಕಾಗದ ಹಿಡಿದು ವಾದಿಸುತ್ತಾರೆ. ಆಮೇಲೆ ಸರಿಪಡಿಸುವುದು ಬಹಳ ಕಷ್ಟ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಅಪಘಾತ ಕೇರಳದಲ್ಲಿ, ಚಿಕಿತ್ಸೆ ತಲಪಾಡಿ ದಾಟಿ ಮಂಗಳೂರಿನಲ್ಲಿ. ಅಪಘಾತದ ಕೇಸು ಬಂದಾಗ ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ಕಳಿಸುತ್ತಾರೆ. ಇದಕ್ಕೆ ಇಂಟಿಮೇಶನ್ ಎನ್ನುತ್ತಾರೆ. ಮಂಗಳೂರಿನ ಆಸ್ಪತ್ರೆಯ ಇಂಟಿಮೇಶನ್ ಮೊದಲು ಅಲ್ಲಿನ ಠಾಣೆಗೆ ಹೋಗಬಹುದು. ಅದು ಕುಂಬಳೆಗೋ ಮಂಜೇಶ್ವರಕ್ಕೋ ತಾನಾಗಿ ಬಂದು ಸೇರುತ್ತದೆ ಎಂದು ಕಾಯಬೇಡಿ. ಮನೆಯವರಲ್ಲಿ ಒಬ್ಬರು, ಅಪಘಾತ ನಡೆದ ಜಾಗದ ಠಾಣೆಗೆ ಅದೇ ದಿನ ಇಲ್ಲವೇ ಮರುದಿನ ಹೋಗಿ ತಿಳಿಸಲಿ.

2. ಪೊಲೀಸ್ ಠಾಣೆಯಲ್ಲಿ

ಕೇರಳದಲ್ಲಿ ಕಾರು ರಿಪೇರಿಯ ಕ್ಲೈಮಿಗೆ ಜಿಡಿ ಎಂಟ್ರಿ ತೆಗೆದುಕೊಳ್ಳುವುದು ರೂಢಿ. ಜಿಡಿ ಎಂದರೆ ಠಾಣೆಯ ದಿನಚರಿ ಪುಸ್ತಕ. ಅದರಲ್ಲಿ "ಇಂಥ ದಿನ ಇಂಥ ಕಾರಿಗೆ ಅಪಘಾತವಾಯಿತು" ಎಂದು ದಾಖಲಾಗುತ್ತದೆ, ಅಷ್ಟೇ. ಗ್ಯಾರೇಜಿನ ಕೆಲಸಕ್ಕೆ ಅದು ಸಾಕು. ಗಾಯದ ಪರಿಹಾರಕ್ಕೆ ಸಾಲದು. "ಪೊಲೀಸ್ ಪೇಪರ್ ಇದೆ" ಎಂದು ಎಷ್ಟೋ ಮಂದಿ ತೋರಿಸುವುದು ಈ ಜಿಡಿ ಪ್ರತಿಯನ್ನು. ನಿಮಗೆ ಬೇಕಾದ್ದು ಎಫ್‌ಐಆರ್, ಅಂದರೆ ಅಪರಾಧ ನಡೆದಿದೆ ಎಂದು ದಾಖಲಿಸಿ ತನಿಖೆ ಶುರು ಮಾಡುವ ವರದಿ. ಅದರ ಪ್ರತಿಯನ್ನು ದೂರು ಕೊಟ್ಟವರಿಗೆ ಇಲ್ಲವೇ ಗಾಯಾಳುವಿಗೆ ಪುಕ್ಕಟೆ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಹೇಳುತ್ತದೆ.

ಚಾಲಕನ ಮೇಲೆ ಸಾಮಾನ್ಯವಾಗಿ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 281 (ಅಜಾಗ್ರತೆಯ ಚಾಲನೆ), 125 (ಅದರಿಂದ ಬೇರೆಯವರಿಗೆ ಗಾಯ) ಸೆಕ್ಷನ್‌ಗಳು. 2024ರ ಜುಲೈ 1ಕ್ಕಿಂತ ಹಿಂದಿನ ಅಪಘಾತವಾದರೆ ಹಳೆಯ ದಂಡಸಂಹಿತೆಯ 279, 337, 338.

ಈಗ ನಿಜವಾದ ಕಷ್ಟಕ್ಕೆ ಬರೋಣ. ಚಾಲಕ ನಿಮ್ಮ ಭಾವ. ಇಲ್ಲವೇ ಮಗ, ಗಂಡ, ನೆರೆಮನೆಯವರು. ಅವರ ಮೇಲೆ ಕೇಸು ಹಾಕಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಹಾಗಾಗಿ ಎಲ್ಲರೂ ಕೂತು ಒಂದು ಕತೆ ಕಟ್ಟುತ್ತಾರೆ. ನಾಯಿ ಅಡ್ಡ ಬಂತು, ಹಂದಿ ಅಡ್ಡ ಬಂತು, ಯಾವುದೋ ಲಾರಿ ಒತ್ತಿಕೊಂಡು ಬಂತು. ನಿಜಕ್ಕೂ ಹಂದಿ ಬಂದಿದ್ದರೆ ಅದನ್ನೇ ಹೇಳಬೇಕು. ಬಾರದ ಹಂದಿಯನ್ನು ತಂದರೆ ಪೆಟ್ಟು ಬೀಳುವುದು ಗಾಯಾಳುವಿಗೆ. ಚಾಲಕನ ತಪ್ಪೇ ಇಲ್ಲ ಎಂದು ನೀವೇ ಬರೆಸಿದ ಮೇಲೆ ಅವನ ತಪ್ಪಿನಿಂದ ಗಾಯವಾಯಿತು ಎಂದು ಟ್ರಿಬ್ಯೂನಲಿನಲ್ಲಿ, ಅಂದರೆ ಪರಿಹಾರ ತೀರ್ಮಾನಿಸುವ ಕೋರ್ಟಿನಲ್ಲಿ, ಹೇಗೆ ಹೇಳುತ್ತೀರಿ?

ಗಂಭೀರ ಗಾಯದ ಪ್ರಕರಣದಲ್ಲೂ 125ನೇ ಸೆಕ್ಷನ್ ಪ್ರಕಾರ ಬರೀ ದಂಡ ಹಾಕಿ ಮುಗಿಸಲು ಕೋರ್ಟಿಗೆ ಅವಕಾಶವಿದೆ. ಜೈಲೇ ಆಗಬೇಕೆಂದಿಲ್ಲ. ಸಾವಾದರೆ ಮಾತು ಬೇರೆ, ಆಗ 106ನೇ ಸೆಕ್ಷನ್ ಬರುತ್ತದೆ, ಅದು ದೊಡ್ಡದು. ಇನ್ನು ಪರಿಹಾರದ ಹಣ, ಸರಿಯಾದ ಪಾಲಿಸಿ ಇದ್ದರೆ, ಭಾವನ ಜೇಬಿನಿಂದ ಹೋಗುವುದಿಲ್ಲ. ಅವರು ವರ್ಷವರ್ಷ ಪ್ರೀಮಿಯಂ ಕಟ್ಟಿದ್ದು ಇದಕ್ಕೇ. ಇದನ್ನು ಮನೆಯಲ್ಲಿ ಬಿಡಿಸಿ ಹೇಳಿದರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ಚಾಲಕನನ್ನೇ ಬದಲಿಸುವುದು ಇನ್ನೂ ಕೆಟ್ಟದ್ದು. ಲೈಸೆನ್ಸ್ ಇಲ್ಲದ ಮಗ ಓಡಿಸಿದ್ದು, ಬರೆಸಿದ್ದು ಅಪ್ಪನ ಹೆಸರು. ಆಸ್ಪತ್ರೆಯ ದಾಖಲೆ, ಫೋನಿನ ವಿಡಿಯೋ, ಅಂಗಡಿಯ ಸಿಸಿಟಿವಿ, ಇವುಗಳಲ್ಲಿ ಯಾವುದಾದರೂ ಒಂದು ಇದನ್ನು ಹೊರಹಾಕುತ್ತದೆ. ಆಮೇಲೆ ಇಡೀ ಕ್ಲೈಮೇ ಮೋಸ ಎಂದಾಗುತ್ತದೆ.

ಭಾಷೆಯ ವಿಷಯ. ನೀವು ಕೊಡುವ ಹೇಳಿಕೆಯನ್ನು, ಅಂದರೆ ನಾವೆಲ್ಲ ಹೇಳುವ "ಮೊಳಿ"ಯನ್ನು, ಪೊಲೀಸರು ಹೆಚ್ಚಾಗಿ ಮಲಯಾಳದಲ್ಲಿ ಬರೆದುಕೊಳ್ಳುತ್ತಾರೆ. ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ ಎನ್ನುವವರು ನಮ್ಮಲ್ಲಿ ಜಾಸ್ತಿ. ಸುಮ್ನೆ ಸಹಿ ಹಾಕಬೇಡಿ. ಬರೆದದ್ದನ್ನು ಓದಿ ಹೇಳುವುದು ಅವರ ಕರ್ತವ್ಯ, ಕೇಳುವುದು ನಿಮ್ಮ ಹಕ್ಕು. ಸಾಧ್ಯವಾದರೆ ಕನ್ನಡದಲ್ಲಿ ಬರೆದ ದೂರನ್ನೇ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಕಾಸರಗೋಡು ಭಾಷಾ ಅಲ್ಪಸಂಖ್ಯಾತರ ಪ್ರದೇಶ, ಇಲ್ಲಿನ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಲು ನಮಗೆ ಅವಕಾಶವಿದೆ. ಮೊಳಿಯಲ್ಲಿ ಈ ನಾಲ್ಕು ಇರಲೇಬೇಕು: ಕಾರಿನ ನಂಬರು, ಓಡಿಸಿದವರ ಹೆಸರು, ನೀವು ಕೂತಿದ್ದ ಸೀಟು, ಕಾರು ಹತೋಟಿ ತಪ್ಪಿದ್ದು ಹೇಗೆ.

ಎಫ್‌ಐಆರ್ ತಡವಾದರೆ ಕೇಸು ಸತ್ತಿತು ಎಂದಲ್ಲ. ಐಸಿಯುನಲ್ಲಿದ್ದೆ, ಆಪರೇಷನ್ ಆಗಿತ್ತು ಎಂಬಂಥ ಸರಿಯಾದ ಕಾರಣವಿದ್ದರೆ ಕೋರ್ಟುಗಳು ಒಪ್ಪುತ್ತವೆ. ಕಾರಣವನ್ನು ದೂರಿನಲ್ಲೇ ಬರೆಯಿರಿ.

3. ಪಾಲಿಸಿಯನ್ನು ಓದಿ

ಕಾರಿಗೆ ಇನ್ಶೂರೆನ್ಸ್ ಇದೆ ಎಂದರೆ ಸಾಲದು, ಯಾವುದು ಎಂದು ನೋಡಬೇಕು.

ಊರಲ್ಲಿ "ಥರ್ಡ್ ಪಾರ್ಟಿ" ಎನ್ನುವುದು ಕಾನೂನು ಕಡ್ಡಾಯ ಮಾಡಿದ ಕನಿಷ್ಠ ಪಾಲಿಸಿ. ಕಾಗದದಲ್ಲಿ ಅದಕ್ಕೆ ಲಯಬಿಲಿಟಿ ಓನ್ಲಿ ಅಥವಾ ಆಕ್ಟ್ ಪಾಲಿಸಿ ಎಂದಿರುತ್ತದೆ. "ಫುಲ್ ಕವರ್" ಎನ್ನುವುದು ಪ್ಯಾಕೇಜ್ ಅಥವಾ ಕಾಂಪ್ರೆಹೆನ್ಸಿವ್ ಪಾಲಿಸಿ. ಖಾಸಗಿ ಕಾರಿನಲ್ಲಿ ಪುಕ್ಕಟೆ ಕೂತು ಹೋಗುವ ನೆಂಟರು, ಸ್ನೇಹಿತರು ಬರೀ ಆಕ್ಟ್ ಪಾಲಿಸಿಯ ರಕ್ಷಣೆಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳುತ್ತಾ ಬಂದಿದೆ. ಪ್ಯಾಕೇಜ್ ಪಾಲಿಸಿಯಾದರೆ ಬರುತ್ತಾರೆ. ವಿಮಾ ನಿಯಂತ್ರಣ ಪ್ರಾಧಿಕಾರ 2009ರ ನವೆಂಬರ್ 16ರ ಸುತ್ತೋಲೆಯಲ್ಲಿ ಇದನ್ನು ಸ್ಪಷ್ಟ ಮಾಡಿದೆ. 2012ರ ಬಾಲಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿಯಿತು. "ಒಳಗಿದ್ದವರು ಥರ್ಡ್ ಪಾರ್ಟಿ ಅಲ್ಲ" ಎಂದು ಕಂಪನಿಯವರು ಪತ್ರ ಕಳಿಸಿದರೆ ಹೆದರಬೇಡಿ, ಪಾಲಿಸಿ ಪ್ಯಾಕೇಜ್ ಹೌದೋ ಅಲ್ಲವೋ ನೋಡಿ.

ಇಲ್ಲಿ ಒಂದು ಗುಂಡಿ ಇದೆ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ತೆಗೆಯಬೇಕು. ಕಾರಿನ ಸ್ವಂತ ನಷ್ಟದ ಭಾಗ ಒಂದೇ ವರ್ಷದ್ದಿರಬಹುದು. ಎರಡನೇ ವರ್ಷ ಅದನ್ನು ನವೀಕರಿಸಲು ಮರೆತರೆ ಕೈಯಲ್ಲಿ ಉಳಿಯುವುದು ಬರೀ ಥರ್ಡ್ ಪಾರ್ಟಿ. ಫೋನಿನ ಎಂ-ಪರಿವಾಹನ್ ಆ್ಯಪಿನಲ್ಲಿ ನೋಡಿದರೆ "ಇನ್ಶೂರೆನ್ಸ್ ಚಾಲ್ತಿಯಲ್ಲಿದೆ" ಎಂದೇ ಬರುತ್ತದೆ. ಅದನ್ನು ನಂಬಿ ಕೂರಬೇಡಿ. ಪಾಲಿಸಿಯ ಶೆಡ್ಯೂಲ್, ಅಂದರೆ ಪ್ರೀಮಿಯಂ ಲೆಕ್ಕ ಇರುವ ಪುಟ, ಅದನ್ನೇ ತರಿಸಿ.

ಅದೇ ಪುಟದಲ್ಲಿ "ಅನ್‌ನೇಮ್ಡ್ ಪ್ಯಾಸೆಂಜರ್" ಅಥವಾ "ಐಎಂಟಿ 16" ಎಂಬ ಸಾಲಿದೆಯಾ ನೋಡಿ. ಇದು ಪ್ರಯಾಣಿಕರ ವೈಯಕ್ತಿಕ ಅಪಘಾತ ವಿಮೆ. ಚಾಲಕನ ತಪ್ಪು ಸಾಬೀತು ಮಾಡದೆಯೇ ಸಾವಿಗೆ ಮತ್ತು ಕೈಕಾಲು, ಕಣ್ಣು ಹೋಗುವಂಥ ಅಂಗನಷ್ಟಕ್ಕೆ ಸಿಗುವ ನಿಗದಿತ ಮೊತ್ತ. ಮೂಳೆ ಮುರಿತಕ್ಕೆಲ್ಲ ಇದರಲ್ಲಿ ಏನೂ ಸಿಗದು. ಮಾಲೀಕ-ಚಾಲಕನ 15 ಲಕ್ಷದ ಕಡ್ಡಾಯ ವಿಮೆಯನ್ನು ನೋಡಿ "ನಮಗೂ 15 ಲಕ್ಷ" ಎಂದುಕೊಳ್ಳುವವರಿದ್ದಾರೆ. ಅದು ಅವರಿಗೆ ಮಾತ್ರ.

ಬೇರೆ ಗಾಡಿಗಳ ಮಾತು ಚುಟುಕಾಗಿ:

ಹಳದಿ ಬೋರ್ಡಿನ ಟ್ಯಾಕ್ಸಿ ಅಥವಾ ಜೀಪು: ಬಾಡಿಗೆ ಕೊಟ್ಟು ಕೂತ ಪ್ರಯಾಣಿಕರಿಗೆ ಕಡ್ಡಾಯ ಪಾಲಿಸಿಯಲ್ಲೇ ರಕ್ಷಣೆ ಇದೆ.

ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಓಡಿಸಿದ್ದು: ವಿಮಾನ ನಿಲ್ದಾಣಕ್ಕೆ ಹೀಗೆ ಹೋಗುವುದು ನಮ್ಮಲ್ಲಿ ಮಾಮೂಲು. ಪಾಲಿಸಿ ಷರತ್ತು ಮುರಿದಿದೆ ಎಂದು ಕಂಪನಿ ತಕರಾರು ತೆಗೆಯುತ್ತದೆ. ಕೇಸು ಕಷ್ಟವಾಗುತ್ತದೆ.

ಪಿಕಪ್ ಅಥವಾ ಟೆಂಪೋದ ಹಿಂದೆ ನಿಂತು ಹೋದವರು: ಸರಕು ಸಾಗಿಸುವ ಗಾಡಿಯಲ್ಲಿ ಸುಮ್ಮನೆ ಹತ್ತಿದ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ. ಮಾಲೀಕರಿಂದಲೇ ವಸೂಲಿ ಮಾಡಬೇಕು. ಆಟಕ್ಕೆ, ಜಾತ್ರೆಗೆ ಪಿಕಪ್ಪಿನಲ್ಲಿ ಜನ ತುಂಬಿಸಿಕೊಂಡು ಹೋಗುವವರು ಇದನ್ನು ನೆನಪಿಡಿ.

ಚಾಲಕನಿಗೆ ಲೈಸೆನ್ಸ್ ಇಲ್ಲದಿದ್ದರೆ ಅಥವಾ ಕುಡಿದಿದ್ದರೆ ಪ್ರಯಾಣಿಕನ ಕೇಸು ತಾನಾಗಿ ಬೀಳುವುದಿಲ್ಲ. ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಕೋರ್ಟುಗಳು ಆದೇಶಿಸಿದ್ದುಂಟು. ಆದರೆ ಆಗ ಭಾವನ ಜೇಬಿಗೆ ಕೈ ಹೋಗುತ್ತದೆ. ಅದನ್ನು ಮೊದಲೇ ತಿಳಿದಿರಿ.

4. ಯಾರಿಗೆ ಸಿಗುವುದಿಲ್ಲ

ಸ್ವಂತ ತಪ್ಪಿನಿಂದ ಕಾರು ಬೀಳಿಸಿದ ಚಾಲಕನಿಗೆ ಸಿಗುವುದಿಲ್ಲ. ಅವನು ತೀರಿಹೋದರೆ ಅವನ ಮನೆಯವರಿಗೂ ಈ ದಾರಿಯಲ್ಲಿ ಇಲ್ಲ. 2014ರಲ್ಲಿ ಅರಸೀಕೆರೆ ಕಡೆಗೆ ಹೋಗುತ್ತಿದ್ದ ಕಾರು ಪಲ್ಟಿಯಾಗಿ ಚಾಲಕ ತೀರಿಕೊಂಡಿದ್ದ. ಮನೆಯವರು 80 ಲಕ್ಷ ಕೇಳಿದ್ದರು. ಸುಪ್ರೀಂ ಕೋರ್ಟು 2025ರ ಜುಲೈಯಲ್ಲಿ ಅವರ ಮನವಿಯನ್ನು ತಳ್ಳಿಹಾಕಿತು. ಈ ಸುದ್ದಿಯನ್ನು ಅರ್ಧ ಓದಿ "ಒಂಟಿ ಕಾರಿನ ಅಪಘಾತಕ್ಕೆ ಇನ್ನು ಪರಿಹಾರ ಇಲ್ಲವಂತೆ" ಎಂದು ವಾಟ್ಸ್ಆ್ಯಪಿನಲ್ಲಿ ಹರಡುವವರಿದ್ದಾರೆ. ಆ ತೀರ್ಪು ಚಾಲಕನ ಬಗ್ಗೆ. ಪ್ರಯಾಣಿಕರ ಬಗ್ಗೆ ಅಲ್ಲ.

ಕಾರಿನ ಮಾಲೀಕನೇ ಪಕ್ಕದ ಸೀಟಿನಲ್ಲಿ ಕೂತು ಬೇರೆಯವರಿಂದ ಓಡಿಸಿದ್ದರೂ, ತನ್ನದೇ ಪಾಲಿಸಿಗೆ ಅವನು ಮೂರನೆಯವನು, ಅಂದರೆ ಥರ್ಡ್ ಪಾರ್ಟಿ, ಆಗುವುದಿಲ್ಲ. ಅವನಿಗಿರುವುದು ವೈಯಕ್ತಿಕ ಅಪಘಾತ ವಿಮೆ ಮಾತ್ರ. ಹೆಂಡತಿಯ ಹೆಸರಿನಲ್ಲಿ ಕಾರು, ಗಂಡ ಓಡಿಸಿದ್ದು, ಹೆಂಡತಿಗೆ ಗಾಯ, ಇಂಥ ಮನೆಗಳಲ್ಲಿ ಆರ್‌ಸಿ ಯಾರ ಹೆಸರಲ್ಲಿದೆ ಎಂದು ಮೊದಲು ನೋಡಿ.

5. ಯಾವ ಸೆಕ್ಷನ್, ಎಲ್ಲಿ, ಯಾವಾಗ

ಮೋಟಾರು ವಾಹನ ಕಾಯಿದೆಯಲ್ಲಿ ಎರಡು ದಾರಿ ಇದೆ.

164ನೇ ಸೆಕ್ಷನ್: ಯಾರ ತಪ್ಪು ಎಂದು ತೋರಿಸಬೇಕಿಲ್ಲ. ಸಾವಿಗೆ 5 ಲಕ್ಷ, ಗಂಭೀರ ಗಾಯಕ್ಕೆ 2.5 ಲಕ್ಷ. ಮೂಳೆ ಅಥವಾ ಹಲ್ಲು ಮುರಿದರೂ ಕಾನೂನಿನ ಲೆಕ್ಕದಲ್ಲಿ ಅದು ಗಂಭೀರ ಗಾಯವೇ. ನಿಜವಾಗಿಯೂ ಹಂದಿ ಅಡ್ಡ ಬಂದ ಕೇಸಿಗೆ ಈ ದಾರಿ.

166ನೇ ಸೆಕ್ಷನ್: ಚಾಲಕನ ಅಜಾಗ್ರತೆ ತೋರಿಸಬೇಕು. ಮೊತ್ತಕ್ಕೆ ಮಿತಿ ಇಲ್ಲ. ಶಾಶ್ವತ ಊನ ಉಳಿಯುವ ಗಾಯವಾದರೆ ಇದೇ ಸರಿ. ಎರಡರಲ್ಲಿ ಯಾವುದು ಎಂದು ಶುರುವಿನಲ್ಲೇ ವಕೀಲರ ಜೊತೆ ಕೂತು ತೀರ್ಮಾನಿಸಿ.

ಅರ್ಜಿ ಹಾಕುವುದು ಮೋಟಾರು ಅಪಘಾತ ಪರಿಹಾರ ಟ್ರಿಬ್ಯೂನಲಿಗೆ. ಅಪಘಾತ ನಡೆದ ಜಾಗ, ನೀವು ವಾಸಿಸುವ ಜಾಗ, ಎದುರು ಪಕ್ಷದವರ ಜಾಗ, ಇವುಗಳಲ್ಲಿ ಯಾವ ವ್ಯಾಪ್ತಿಯ ಟ್ರಿಬ್ಯೂನಲ್ ಆದರೂ ಆದೀತು. ಕೆಎ-19 ನಂಬರಿನ ಕಾರು ಪುತ್ತೂರು ಹತ್ತಿರ ಪಲ್ಟಿಯಾಗಿದ್ದರೂ ನೀವು ಬದಿಯಡ್ಕದವರಾದರೆ ಕಾಸರಗೋಡಿನಲ್ಲೇ ಹಾಕಬಹುದು. ಇಲ್ಲಿ ಅದಕ್ಕೆ ಓಪಿ(ಎಂವಿ) ಎನ್ನುತ್ತಾರೆ, ಕರ್ನಾಟಕದಲ್ಲಿ ಎಂವಿಸಿ. ಹೆಸರು ಬೇರೆ, ಕಾಯಿದೆ ಒಂದೇ.

ಸಮಯದ ವಿಷಯದಲ್ಲಿ ಹುಷಾರು. 2022ರ ಏಪ್ರಿಲ್ 1ರಿಂದ ಅಪಘಾತದ ದಿನದಿಂದ 6 ತಿಂಗಳ ಮಿತಿ ಬಂದಿದೆ. ಈ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ. ತಡವಾಯಿತೆಂಬ ಕಾರಣಕ್ಕೇ ಅರ್ಜಿ ವಜಾ ಮಾಡಬೇಡಿ ಎಂದು ಕೋರ್ಟು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಕೊಟ್ಟಿತು. 6 ತಿಂಗಳು ದಾಟಿದವರು ಹಾಗಾಗಿ ಕೈಚೆಲ್ಲಬೇಡಿ. ದಾಟದವರು ಆ ಆದೇಶ ನಂಬಿ ಮಲಗಬೇಡಿ.

ಈಗಿನ ನಿಯಮದಂತೆ ಪೊಲೀಸರೇ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ, 90 ದಿನದೊಳಗೆ ವಿವರ ವರದಿಯನ್ನೂ ಟ್ರಿಬ್ಯೂನಲಿಗೆ ಕಳಿಸಬೇಕು. ಆ ವರದಿಯನ್ನೇ ಅರ್ಜಿಯಾಗಿ ಪರಿಗಣಿಸಬಹುದು. ಅವರು ಗಾಯಾಳುವಿಗೆ ಕೊಡುವ ಫಾರಂ ತಪ್ಪದೆ ತುಂಬಿ ಕೊಡಿ. ಆದರೂ ನನ್ನ ಸಲಹೆ, ಸ್ವಂತ ಅರ್ಜಿ ಹಾಕಿಯೇ ಬಿಡಿ.

6. ಕಾಗದಗಳು

ಒಂದು ಫೈಲು ಮಾಡಿ. ಎಫ್‌ಐಆರ್, ಜಾಗದ ಮಹಜರು, ವಾಹನ ಇನ್‌ಸ್ಪೆಕ್ಟರರ ವರದಿ, ಚಾರ್ಜ್‌ಶೀಟ್, ಗಾಯದ ಸರ್ಟಿಫಿಕೇಟು, ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಬಿಲ್ಲುಗಳು, ಆರ್‌ಸಿ, ಲೈಸೆನ್ಸ್, ಪಾಲಿಸಿ ಇವುಗಳ ಪ್ರತಿ, ನಿಮ್ಮ ಆಧಾರ್, ವಯಸ್ಸಿನ ದಾಖಲೆ, ಬ್ಯಾಂಕ್ ಪಾಸ್‌ಬುಕ್. ಆರೋಗ್ಯ ವಿಮೆಗೆ ಮೂಲ ಬಿಲ್ಲು ಕೊಡುವುದಾದರೆ ಮೊದಲೇ ಆಸ್ಪತ್ರೆಯಿಂದ ದೃಢೀಕರಿಸಿದ ಪ್ರತಿ ಪಡೆಯಿರಿ. ಮಂಗಳೂರಿಗೆ ಚೆಕಪ್ಪಿಗೆ ಹೋದ ಕಾರು ಬಾಡಿಗೆಯ ರಶೀದಿಯೂ ಇರಲಿ.

ಆದಾಯದ ದಾಖಲೆಯಲ್ಲಿ ನಮ್ಮವರು ಸೋಲುತ್ತಾರೆ. ಅಡಿಕೆ ಕೊಯ್ಯುವವರಿಗೆ, ಬೀಡಿ ಕಟ್ಟುವವರಿಗೆ, ಅಡುಗೆಯವರಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಬ್ಯಾಂಕಿನ ಜಮಾ, ಅಡಿಕೆ ಮಾರಿದ ಸೊಸೈಟಿ ರಶೀದಿ, ಕ್ಷೇಮನಿಧಿ ಪುಸ್ತಕ, ಕೆಲಸ ಕೊಟ್ಟವರ ಪತ್ರ ಮತ್ತು ಅವರ ಸಾಕ್ಷಿ, ಸಿಕ್ಕಿದ್ದೆಲ್ಲ ಇಡಿ. ಏನೂ ಇಲ್ಲದಿದ್ದರೆ ಟ್ರಿಬ್ಯೂನಲ್ ಒಂದು ಅಂದಾಜು ಆದಾಯ ಹಿಡಿಯುತ್ತದೆ. ಮನೆಗೆಲಸ ಮಾಡುವ ಗೃಹಿಣಿಗೂ ಹಿಡಿಯುತ್ತದೆ.

ಗ್ಯಾರೇಜಿನಲ್ಲಿ ಕಾರಿನ ಕ್ಲೈಮ್ ಫಾರಂ ತುಂಬುವಾಗ "ಅಪಘಾತಕ್ಕೆ ಕಾರಣ" ಎಂಬ ಜಾಗ ಇರುತ್ತದೆ. ಅಲ್ಲಿ ಒಂದು ಕತೆ, ಎಫ್‌ಐಆರ್‌ನಲ್ಲಿ ಇನ್ನೊಂದು ಕತೆ ಆಗಬಾರದು. ಎರಡೂ ಹೋಗಿ ಸೇರುವುದು ಒಂದೇ ಕಂಪನಿಗೆ.

7. ಎಷ್ಟು ಸಿಗಬಹುದು?

ಚಿಕಿತ್ಸೆಯ ಖರ್ಚು, ಕೆಲಸಕ್ಕೆ ಹೋಗಲಾಗದ ತಿಂಗಳುಗಳ ಆದಾಯ, ಜೊತೆಗೆ ನಿಂತವರ ಖರ್ಚು, ಪ್ರಯಾಣ, ಪೌಷ್ಟಿಕ ಆಹಾರ, ನೋವು, ಮುಂದಿನ ಚಿಕಿತ್ಸೆ, ಹೀಗೆ ಬೇರೆ ಬೇರೆ ಲೆಕ್ಕ. ದೊಡ್ಡ ಮೊತ್ತ ಬರುವುದು ಶಾಶ್ವತ ಊನದಿಂದ ಆಗುವ ಆದಾಯ ನಷ್ಟದಲ್ಲಿ.

ಉದಾಹರಣೆಗೆ 38 ವರ್ಷದ ಒಬ್ಬರು, ಅಡಿಕೆ ಮರ ಹತ್ತುವ ಕೆಲಸ, ತಿಂಗಳಿಗೆ 15,000 ಎಂದು ಟ್ರಿಬ್ಯೂನಲ್ ಒಪ್ಪಿತು ಎನ್ನಿ. 40ರ ಒಳಗಿನ ಸ್ವಂತ ದುಡಿಮೆಯವರಿಗೆ ಮುಂದಿನ ಏರಿಕೆಗೆಂದು ಶೇಕಡ 40 ಸೇರಿಸುತ್ತಾರೆ, 21,000 ಆಯಿತು. ವರ್ಷಕ್ಕೆ 2,52,000. ವಯಸ್ಸಿಗೆ ತಕ್ಕ ಗುಣಕ ಇದೆ, 36ರಿಂದ 40ರವರಿಗೆ ಅದು 15. ಗುಣಿಸಿದರೆ 37,80,000. ದುಡಿಮೆಯ ಶಕ್ತಿ ಶೇಕಡ 20 ಹೋಗಿದೆ ಎಂದಾದರೆ 7,56,000.

ಆ ಶೇಕಡ 20 ಎಲ್ಲಿಂದ ಬರುತ್ತದೆ ಎಂಬುದೇ ಮುಖ್ಯ. ಮೆಡಿಕಲ್ ಬೋರ್ಡು ಕೊಡುವುದು ದೇಹದ ಊನದ ಪ್ರಮಾಣ. ಅದು ನಿಮ್ಮ ಕೆಲಸಕ್ಕೆ ಎಷ್ಟು ಪೆಟ್ಟು ಕೊಟ್ಟಿದೆ ಎಂಬುದು ಬೇರೆ ಲೆಕ್ಕ, ಅದನ್ನು ಟ್ರಿಬ್ಯೂನಲ್ ನೋಡಬೇಕು ಎಂದು 2010ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮೊಣಕಾಲು ಮಡಚಲಾಗದ ಗುಮಾಸ್ತರು ಕುರ್ಚಿಯಲ್ಲಿ ಕೂತು ಕೆಲಸ ಮುಂದುವರಿಸಬಹುದು. ಮರ ಹತ್ತುವವರ ಕೆಲಸವೇ ಹೋಯಿತು. ಈ ವ್ಯತ್ಯಾಸವನ್ನು ಸಾಕ್ಷಿ ಹೇಳುವಾಗ ಬಿಡಿಸಿ ಹೇಳಿ.

ಸೀಟ್ ಬೆಲ್ಟ್ ಹಾಕಿರಲಿಲ್ಲವಾದರೆ ಮೊತ್ತ ಕಡಿಮೆ ಮಾಡಬೇಕೆಂದು ಕಂಪನಿ ವಾದಿಸಬಹುದು. ಹಿಂದಿನ ಸೀಟಿನವರಿಗೂ ಬೆಲ್ಟ್ ಕಡ್ಡಾಯ.

8. ವಕೀಲರು, ರಾಜಿ, ಅಪೀಲು

ಆಸ್ಪತ್ರೆಯ ವಾರ್ಡಿಗೇ ಬಂದು "ನಾವೇ ಎಲ್ಲ ಮಾಡಿಸಿ ಕೊಡುತ್ತೇವೆ, ಸಿಕ್ಕಿದ್ದರಲ್ಲಿ ಇಷ್ಟು ಪರ್ಸೆಂಟ್" ಎನ್ನುವವರಿಗೆ ಖಾಲಿ ಕಾಗದದಲ್ಲಿ ಸಹಿ ಹಾಕಿ ಕೊಡಬೇಡಿ. ಪರಿಹಾರದಲ್ಲಿ ಪಾಲು ಕೇಳುವುದನ್ನು ಬಾರ್ ಕೌನ್ಸಿಲ್ ನಿಯಮ ವಕೀಲರಿಗೆ ನಿಷೇಧಿಸಿದೆ. ಫೀಸು ಎಷ್ಟೆಂದು ಮೊದಲೇ ಮಾತಾಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಬಹುದು. ಸಹಾಯವಾಣಿ 15100.

ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಹಣ ಬೇಗ ಸಿಗುತ್ತದೆ. ಆದರೆ ಅದರ ಮೇಲೆ ಅಪೀಲು ಇಲ್ಲ. ಇನ್ನೊಂದು ಆಪರೇಷನ್ ಬಾಕಿ ಇರುವಾಗ, ಕಾಲಿನ ರಾಡ್ ತೆಗೆಯುವ ಮೊದಲು ರಾಜಿಗೆ ಒಪ್ಪುವುದು ಅವಸರ ಎಂದೇ ನನ್ನ ಅಭಿಪ್ರಾಯ. ಊನ ಎಷ್ಟು ಉಳಿಯುತ್ತದೆ ಎಂದು ಡಾಕ್ಟರಿಗೇ ಆಗ ಗೊತ್ತಿರುವುದಿಲ್ಲ.

ಟ್ರಿಬ್ಯೂನಲಿನ ತೀರ್ಪು ಕಡಿಮೆ ಎನಿಸಿದರೆ 90 ದಿನದೊಳಗೆ ಎರ್ನಾಕುಳದ ಹೈಕೋರ್ಟಿಗೆ ಅಪೀಲು ಹೋಗಬಹುದು. ತಕರಾರಿನ ಮೊತ್ತ 1 ಲಕ್ಷಕ್ಕಿಂತ ಕಡಿಮೆ ಇದ್ದರೆ ಅಪೀಲು ಇಲ್ಲ. ತೀರ್ಪಿನ ಪ್ರತಿಗೆ ಅದೇ ವಾರ ಅರ್ಜಿ ಹಾಕಿ. ಮೊತ್ತ, ಬಡ್ಡಿಯ ದರ, ಬಡ್ಡಿ ಯಾವ ದಿನದಿಂದ, ಕಟ್ಟಬೇಕಾದವರು ಕಂಪನಿಯೋ ಮಾಲೀಕರೋ, ಈ ಸಾಲುಗಳನ್ನು ವಕೀಲರಿಂದ ಓದಿಸಿಕೊಳ್ಳಿ.